ತೊಗಲುಗೊಂಬೆಯ ತೆರೆಯಿಂದ ಅಂಗೈಯ ತೆರೆಗೆ

ಕೊಪ್ಪಳವಾಗಲಿ, ಗಂಗಾವತಿಯಾಗಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಾಗಲಿ, ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇಂದು ಒಂದು ದೃಶ್ಯ ಸಾಮಾನ್ಯ. ಮಗು ಊಟಕ್ಕೆ ಕುಳಿತಿರುತ್ತದೆ. ಅದರ ಮುಂದೆ ನೀರಿನ ತಂಬಿಗೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಆನೆಯೋ ಬೆಕ್ಕೋ ಹಾಡುತ್ತ ಕುಣಿಯುತ್ತಿರುತ್ತದೆ. ತಾಯಿ ತುತ್ತು ಇಡುತ್ತಾಳೆ, ಮಗು ನೋಡುತ್ತಲೇ ನುಂಗುತ್ತದೆ. ಹಾಡು ನಿಂತರೆ ಊಟವೂ ನಿಲ್ಲುತ್ತದೆ. ಇದನ್ನು ಕಂಡ ಅಜ್ಜಿ, "ನಮ್ಮ ಕಾಲದಾಗ ಇವೆಲ್ಲ ಎಲ್ಲಿದ್ದುವವ್ವಾ?" ಎನ್ನುತ್ತಾಳೆ.

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊಬೈಲ್ ಅವಳ ಕಾಲದಲ್ಲಿ ಇರಲಿಲ್ಲ, ನಿಜ. ಆದರೆ ಬೆಳಕಿನ ತೆರೆಯ ಮೇಲೆ ಬಣ್ಣದ ಚಿತ್ರಗಳು ಹಾಡಿಗೆ ತಕ್ಕಂತೆ ಕುಣಿಯುವುದು, ಅದನ್ನು ನೋಡಿ ಮಕ್ಕಳು ನಗುವುದು ಈ ನೆಲಕ್ಕೆ ಹೊಸದಲ್ಲ. ಇಂದಿನ ತಂದೆತಾಯಂದಿರು ಮಕ್ಕಳಿಗಾಗಿ ಒಳ್ಳೆಯ ಹಾಡಿನ ವಿಡಿಯೋ ಯಾವುದೆಂದು ಹುಡುಕುತ್ತಿದ್ದಾರೆ. ಹುಡುಕುವುದಕ್ಕೆ ಮುನ್ನ, ನಮ್ಮ ಹಿರಿಯರು ಮಕ್ಕಳಿಗೆ ಏನನ್ನು, ಹೇಗೆ ತೋರಿಸುತ್ತಿದ್ದರು ಎಂಬುದನ್ನು ಒಮ್ಮೆ ತಿರುಗಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.

ತೊಗಲು, ದೀಪ ಮತ್ತು ಹಾಡು

2025ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಪ್ರಕಟವಾದ ಪದ್ಮಶ್ರೀ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ಆಗ ಅವರ ವಯಸ್ಸು 96. ಹದಿಹರೆಯದಲ್ಲೇ ತೊಗಲುಗೊಂಬೆ ಹಿಡಿದ ಈ ತಾಯಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನೇ ಬದುಕಾಗಿಸಿಕೊಂಡವರು. ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್, ಇರಾಕ್ ಮುಂತಾದ ದೇಶಗಳಲ್ಲಿಯೂ ಆಟ ತೋರಿಸಿ ಬಂದವರು.

ತೊಗಲುಗೊಂಬೆಯಾಟದ ರೀತಿ ಸರಳವಾದದ್ದು. ಆಡಿನ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಚಿತ್ರ ಬರೆದು, ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಬಣ್ಣ ಹಚ್ಚುತ್ತಾರೆ. ಬಿಳಿ ಬಟ್ಟೆಯ ತೆರೆ ಕಟ್ಟಿ ಹಿಂದೆ ದೀಪವಿಟ್ಟು ಗೊಂಬೆಯನ್ನು ತೆರೆಗೆ ಒತ್ತಿ ಹಿಡಿದರೆ, ಮುಂದೆ ಕುಳಿತವರಿಗೆ ಕಾಣುವುದು ಕಪ್ಪು ನೆರಳಲ್ಲ, ಹೊಳೆಯುವ ಬಣ್ಣದ ಚಿತ್ರ. ಮೊದಲು ಎಣ್ಣೆಯ ದೀಪವಿತ್ತು, ಆಮೇಲೆ ವಿದ್ಯುತ್ ಬಲ್ಬು ಬಂತು. ಕರ್ನಾಟಕದ ಗೊಂಬೆಗಳಲ್ಲಿ ಅಂತಸ್ತಿಗೆ ತಕ್ಕ ಗಾತ್ರವೂ ಉಂಟು. ರಾಜರು, ದೇವತೆಗಳು ದೊಡ್ಡವರು; ಆಳುಕಾಳು, ಸಾಮಾನ್ಯ ಜನ ಚಿಕ್ಕವರು.

ಇದು ಶಿಳ್ಳೇಕ್ಯಾತ ಸಮುದಾಯದ ಮನೆತನದ ಕಲೆ. ಮನೆಯಲ್ಲಿ ಮರಾಠಿಗೆ ಹತ್ತಿರವಾದ ಮಾತನ್ನಾಡುವ ಇವರು ತೆರೆಯ ಹಿಂದೆ ನಿಂತಾಗ ಕನ್ನಡದಲ್ಲಿ ಹಾಡುತ್ತಾರೆ. ಗಂಡ ಗೊಂಬೆ ಆಡಿಸಿದರೆ ಹೆಂಡತಿ ಹಾಡುತ್ತಾಳೆ, ಸ್ತ್ರೀಪಾತ್ರಗಳಿಗೆ ಧ್ವನಿ ಕೊಡುತ್ತಾಳೆ. ಮಕ್ಕಳು ತಾಳ ಹಾಕುತ್ತ, ಗೊಂಬೆ ಎತ್ತಿ ಕೊಡುತ್ತ ಕಲಿಯುತ್ತಾರೆ. ತೆರೆಯ ಹಿಂದೆ ಒಂದು ಕುಟುಂಬ, ತೆರೆಯ ಮುಂದೆ ಊರಿನ ಅನೇಕ ಕುಟುಂಬಗಳು. ಮಳೆ ಬಾರದಿದ್ದಾಗ, ದನಕರುಗಳಿಗೆ ರೋಗ ಬಂದಾಗಲೂ ಆಟ ಆಡಿಸುವ ವಾಡಿಕೆ ಹಳ್ಳಿಗಳಲ್ಲಿತ್ತು.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಲ ಬೆಟ್ಟಗಳನ್ನು ಜನ ರಾಮಾಯಣದ ಕಿಷ್ಕಿಂಧೆಯೆಂದೇ ನಂಬಿದ್ದಾರೆ. ಇಂತಹ ಸೀಮೆಯಲ್ಲಿ ತೆರೆಯ ಮೇಲೆ ಹನುಮಂತ ಹಾರಿದರೆ ಮಕ್ಕಳಿಗೆ ಆಗುತ್ತಿದ್ದ ಸಂತೋಷವನ್ನು ಊಹಿಸಬಹುದು. ಆದರೆ ಮಕ್ಕಳು ನಿಜವಾಗಿ ಕಾಯುತ್ತಿದ್ದುದು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿಗಾಗಿ. ಅವರು ಜಗಳವಾಡುತ್ತಾರೆ, ಕುಣಿಯುತ್ತಾರೆ, ದೊಡ್ಡವರನ್ನು ಅಣಕಿಸುತ್ತಾರೆ. ಕಥೆ ಭಾರವಾದಾಗ ನಿದ್ದೆಗೆ ಜಾರಿದ ಮಕ್ಕಳನ್ನು ಎಬ್ಬಿಸುವುದು ಈ ಜೋಡಿಯ ಕೆಲಸ. ರಾತ್ರಿಯಿಡೀ ನಡೆಯುವ ಆಟದಲ್ಲಿ ಯಾವಾಗ ಹಾಡಬೇಕು, ಯಾವಾಗ ನಗಿಸಬೇಕು ಎಂಬುದನ್ನು ಮುಂದೆ ಕುಳಿತವರ ಮುಖ ನೋಡಿಯೇ ತೀರ್ಮಾನಿಸುತ್ತಿದ್ದರು.

ಕೈರೋದ ವೈದ್ಯ, ತುರ್ಕಿಯ ಕರಗೋಜ್

ತೊಗಲುಗೊಂಬೆ ನಮ್ಮ ಊರಿನದು, ಆದರೆ ನಮ್ಮೊಬ್ಬರದೇ ಅಲ್ಲ. ಬೆಳಕು ಮತ್ತು ತೆರೆಯ ಈ ಆಟ ಮುಸ್ಲಿಂ ನಾಡುಗಳಲ್ಲಿಯೂ ಶತಮಾನಗಳ ಕಾಲ ಜನರನ್ನು ನಗಿಸಿದೆ. ಅರಬಿಯಲ್ಲಿ ಇದಕ್ಕೆ 'ಖಯಾಲ್ ಅಲ್ ಝಿಲ್ಲ್' ಎಂದು ಹೆಸರು. ನಮ್ಮ ಕಡೆಯ ಜನ ಇಂದಿಗೂ ಬಳಸುವ 'ಖಯಾಲಿ' ಎಂಬ ಮಾತಿನ ಮೂಲವೂ ಈ 'ಖಯಾಲ್' ಶಬ್ದವೇ. 13ನೆಯ ಶತಮಾನದಲ್ಲಿ ಮೊಸುಲ್‌ನಿಂದ ಕೈರೋಗೆ ಬಂದು ನೆಲೆಸಿದ ಕಣ್ಣಿನ ವೈದ್ಯ ಇಬ್ನ್ ದಾನಿಯಾಲ್ ನೆರಳಿನಾಟಕ್ಕಾಗಿ ಮೂರು ನಾಟಕಗಳನ್ನು ಬರೆದ. ಅರಬಿ ನೆರಳಿನಾಟದ ಪಠ್ಯಗಳಲ್ಲಿ ಇಂದು ನಮಗೆ ಉಳಿದಿರುವ ಅತ್ಯಂತ ಹಳೆಯವು ಅವೇ. ಹಗಲು ಜನರ ಕಣ್ಣಿಗೆ ಮದ್ದು, ರಾತ್ರಿ ಅದೇ ಕಣ್ಣಿಗೆ ವಿನೋದ!

ತುರ್ಕಿಯಲ್ಲಿ ರಮಝಾನಿನ ರಾತ್ರಿಗಳಲ್ಲಿ ಕಾಫಿ ಅಂಗಡಿಗಳ ಮುಂದೆ ಕರಗೋಜ್ ಆಟ ನಡೆಯುತ್ತಿತ್ತು. ಓದುಬರಹವಿಲ್ಲದ ಮುಂಗೋಪಿ ಕರಗೋಜ್, ಪಂಡಿತನಂತೆ ಮಾತನಾಡುವ ಹಾಜಿವತ್. ಇವರಿಬ್ಬರ ಜಗಳ ನೋಡಿದರೆ ನಮ್ಮ ಕಿಳ್ಳೇಕ್ಯಾತನ ನೆನಪಾಗದೆ ಇರದು. 2009ರಲ್ಲಿ ಯುನೆಸ್ಕೋ ಕರಗೋಜ್ ಆಟವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

1240ರಲ್ಲಿ ತೀರಿಹೋದ ಸೂಫಿ ಚಿಂತಕ ಇಬ್ನ್ ಅರಬಿ ಈ ಆಟವನ್ನೇ ದೃಷ್ಟಾಂತವಾಗಿ ಬಳಸಿದ್ದಾರೆ. ತೆರೆಯ ಮೇಲಿನ ರೂಪಗಳನ್ನು ಕಂಡು ಚಿಕ್ಕ ಮಕ್ಕಳು ಸಂತೋಷಪಡುತ್ತವೆ, ಮೈಮರೆತವರು ಅದನ್ನು ಬರಿಯ ಆಟವೆಂದುಕೊಳ್ಳುತ್ತಾರೆ, ಬಲ್ಲವರು ಅದರಿಂದ ಪಾಠ ಕಲಿಯುತ್ತಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಮಕ್ಕಳ ಸಂತೋಷವನ್ನು ಅವರು ತಪ್ಪೆನ್ನಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತೆರೆಯ ಹಿಂದೆ ಯಾರಿದ್ದಾರೆ ಎಂದು ತಿಳಿದುಕೊಳ್ಳುವ ಹೊಣೆ ದೊಡ್ಡವರದು.

ಬೀಸುಕಲ್ಲಿನ ಮುಂದೆ, ಬೀದಿಯಲ್ಲಿ, ಕಂಪೆನಿಯಲ್ಲಿ

ಗೊಂಬೆಯಾಟ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಿತ್ತು. ಉಳಿದ ದಿನಗಳಲ್ಲಿ ಮಕ್ಕಳಿಗೆ ಹಾಡು ಸಿಗುತ್ತಿದ್ದುದು ಮನೆಯಲ್ಲೇ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತ ತಾಯಿಯ ತೊಡೆಯ ಮೇಲೆ ಮಲಗಿ ಬೀಸುವ ಪದ ಕೇಳಿದ ಮಕ್ಕಳು ಎಷ್ಟೋ! ಬಿಜಾಪುರದ ಸೂಫಿಗಳ ಪರಂಪರೆ ಈ ಗುಟ್ಟನ್ನು ಚೆನ್ನಾಗಿ ಅರಿತಿತ್ತು. ದಖನಿ ಭಾಷೆಯಲ್ಲಿ ಬೀಸುವಾಗ ಹಾಡುವ ಚಕ್ಕೀನಾಮಾ, ನೂಲುವಾಗ ಹಾಡುವ ಚರ್ಖಾನಾಮಾ, ಮಗುವನ್ನು ತೂಗುವಾಗ ಹಾಡುವ ಲೋರೀನಾಮಾ ಹುಟ್ಟಿದ್ದು ಆ ಪರಂಪರೆಯಲ್ಲಿ. 1978ರಲ್ಲಿ ಬಿಜಾಪುರದ ಸೂಫಿಗಳ ಕುರಿತು ಗ್ರಂಥ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್, ಸೂಫಿ ವಿಚಾರಗಳು ಸಾಮಾನ್ಯರ ಮನೆಯೊಳಕ್ಕೆ ಹೋದದ್ದು ಹೆಂಗಸರ ಇಂತಹ ಹಾಡುಗಳ ಮೂಲಕ ಎಂದು ತೋರಿಸಿಕೊಟ್ಟಿದ್ದಾರೆ. ದೊಡ್ಡ ಗ್ರಂಥಗಳಿಗೆ ತಲುಪಲಾಗದ ಜಾಗಕ್ಕೆ ತೊಟ್ಟಿಲ ಹಾಡು ತಲುಪಿತು.

ಬೀದಿಯಲ್ಲಿ ಮೊಹರಮ್ಮಿನ ರಿವಾಯತ್ ಪದಗಳಿದ್ದವು. ಅವು ನಗಿಸುವ ಹಾಡುಗಳಲ್ಲ, ಕರ್ಬಲಾದ ಶೋಕದ ಹಾಡುಗಳು. ಆದರೆ ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಕಥೆಯನ್ನು ಹಾಡುವ ಆ ಮೇಳಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ಆಚರಣೆಯ ಕುರಿತು ನಮ್ಮೊಳಗೆ ಭಿನ್ನಾಭಿಪ್ರಾಯಗಳು ಏನೇ ಇರಲಿ, ಹಸನ್ ಹುಸೇನರ ಹೆಸರನ್ನು ಈ ಭಾಗದ ಮಕ್ಕಳು ಮೊದಲು ಕೇಳಿದ್ದು ಹಾಡಿನಲ್ಲಿ ಎಂಬುದು ಚರಿತ್ರೆ. ಡಾ. ರಹಮತ್ ತರೀಕೆರೆ ಅವರು ಕರ್ನಾಟಕದ ಮೊಹರಂ ಕುರಿತು ನಡೆಸಿದ ಅಧ್ಯಯನ ಈ ಕೂಡುಬಾಳನ್ನು ದಾಖಲಿಸಿದೆ.

ಇನ್ನು ಕಂಪೆನಿ ನಾಟಕ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕುಕನೂರು ವೃತ್ತಿರಂಗಭೂಮಿಗೆ ಹೆಸರಾದ ಊರು. ಅಲ್ಲಿಯ ರೆಹಮಾನವ್ವ ಕಲ್ಮನಿ ಕನ್ನಡ ರಂಗಭೂಮಿಯಲ್ಲಿ ಹೆಸರು ಮಾಡಿದರು. ಜಾತ್ರೆಯಲ್ಲಿ ಕಂಪೆನಿ ಡೇರೆ ಹಾಕಿತೆಂದರೆ ಎತ್ತಿನ ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗುತ್ತಿದ್ದರು. ನಾಟಕದ ಹಾಡು ವಾರಗಟ್ಟಲೆ ಹೊಲದಲ್ಲೂ ಹಿತ್ತಿಲಲ್ಲೂ ಕೇಳುತ್ತಿತ್ತು. ನೋಡಿದ್ದನ್ನು ಮನೆಗೆ ತಂದು ಹಾಡುವುದು, ಅಣಕಿಸುವುದು, ಕುಣಿಯುವುದು ಇವೆಲ್ಲವೂ ನೋಡುವುದರ ಭಾಗವೇ ಆಗಿದ್ದವು.

ಬೆಂಗಳೂರಿಗಿಂತ ಮೊದಲು ಟಿ.ವಿ. ಕಂಡ ಜಿಲ್ಲೆ

ಮಕ್ಕಳ ವಿಡಿಯೋಗಳ ಇತಿಹಾಸದಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಸ್ಥಾನವಿದೆ. ಅದು ಇಲ್ಲಿನ ಹೊಸ ಪೀಳಿಗೆಗೆ ಅಷ್ಟಾಗಿ ಗೊತ್ತಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ಕನ್ನಡ ನಾಡಿಗೆ ಸೇರಿ, 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಭಾರತ ಸರ್ಕಾರ ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ಪ್ರಯೋಗ ನಡೆಸಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಆಗ ಅತ್ಯಂತ ಹಿಂದುಳಿದವೆಂದು ಎಣಿಸಿದ್ದ ಜಿಲ್ಲೆಗಳಿಗೇ ಆದ್ಯತೆ. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅಂದರೆ ರಾಜಧಾನಿಯ ಮಕ್ಕಳಿಗಿಂತ ಆರು ವರ್ಷ ಮೊದಲೇ ರಾಯಚೂರು ಸೀಮೆಯ ಹಳ್ಳಿಯ ಮಕ್ಕಳು ಕನ್ನಡದ ಟಿ.ವಿ. ಕಂಡಿದ್ದರು!

ಸೈಟ್‌ನ ಟಿ.ವಿ. ಯಾರ ಮನೆಯ ಸ್ವತ್ತೂ ಆಗಿರಲಿಲ್ಲ. ಹೆಚ್ಚಾಗಿ ಶಾಲೆಯಂತಹ ಸಾರ್ವಜನಿಕ ಕಟ್ಟಡದಲ್ಲಿ ಅದನ್ನು ಇಡಲಾಗುತ್ತಿತ್ತು. ಕಟ್ಟಡದ ಬಳಿ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಸುಮಾರು ಹತ್ತು ಅಡಿ ಅಗಲದ ಕೊಡೆಯಂತಹ ಆಂಟೆನಾ. ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು. ಹಿಂದಿ, ಕನ್ನಡ, ಒರಿಯಾ, ತೆಲುಗು ಭಾಷೆಗಳಿಗೆ ಆ ಹೊತ್ತನ್ನು ಹಂಚಲಾಗಿತ್ತು. ಕನ್ನಡ ಮತ್ತು ತೆಲುಗಿನ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಜೊತೆಗೆ ಹಾಡು, ಕುಣಿತ, ನಾಟಕವೂ ಇರುತ್ತಿತ್ತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಉಪಗ್ರಹವೇನೋ ಹೊಸದು, ಆದರೆ ನೋಡುವ ಕ್ರಮ ತೊಗಲುಗೊಂಬೆಯದೇ. ಒಂದೇ ತೆರೆ, ಮುಂದೆ ನೆಲದ ಮೇಲೆ ಕುಳಿತ ಮಕ್ಕಳು, ಪಕ್ಕದಲ್ಲಿ ಕಂಡದ್ದನ್ನು ವಿವರಿಸಲು ಒಬ್ಬ ಮಾಸ್ತರರು. ಪ್ರಯೋಗ ಮುಗಿದಾಗ ಉಪಗ್ರಹ ಹಿಂದೆ ಸರಿಯಿತು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಬಂತು.

ಮುಂದೆ ಟಿ.ವಿ. ಮನೆಗಳಿಗೆ ಬಂದಾಗಲೂ ಕೆಲಕಾಲ ಇದೇ ಕ್ರಮ ನಡೆಯಿತು. 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ, ಓಣಿಗೊಂದು ಟಿ.ವಿ. ಇದ್ದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಜಾತಿಮತದ ಭೇದವಿಲ್ಲದೆ ಮಕ್ಕಳು ತುಂಬಿಕೊಳ್ಳುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕನ್ನಡ ಸಿನಿಮಾ ಹಾಡುಗಳ 'ಚಿತ್ರಮಂಜರಿ' ಬಂದರೆ ಅಡುಗೆಮನೆಯ ಹೆಂಗಸರೂ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದರು.

ಕ್ಯಾಸೆಟ್ಟಿನ ನಗೆ, ತಟ್ಟೆಯ ಹಾಡು

ಟೇಪ್ ರೆಕಾರ್ಡರ್ ಬಂದ ಮೇಲೆ ನಗೆಯೂ ಮನೆಯ ಒಳಗೇ ಬಂತು. ಗಂಗಾವತಿಯ ಬಿ. ಪ್ರಾಣೇಶ್ ಅವರ ಹಾಸ್ಯದ ಮಾತು ಕ್ಯಾಸೆಟ್ಟು, ಸಿ.ಡಿ., ಟಿ.ವಿ., ಈಗ ಮೊಬೈಲು ಹೀಗೆ ಎಲ್ಲ ಮೆಟ್ಟಿಲುಗಳನ್ನೂ ಹತ್ತಿದೆ. ಅವರನ್ನು ಕೇಳಲು ಅಜ್ಜನೂ ಮೊಮ್ಮಗನೂ ಒಟ್ಟಿಗೆ ಕುಳಿತುಕೊಳ್ಳಬಹುದು, ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಕುಟುಂಬದ ಮನರಂಜನೆಗೆ ಇದಕ್ಕಿಂತ ಸರಳವಾದ ಅಳತೆಗೋಲು ನಮಗೆ ತಿಳಿಯದು. ಅವರ ನಗೆ ಹುಟ್ಟುವುದು ನಮ್ಮ ಸೀಮೆಯ ಮಾತಿನ ಸೊಗಡಿನಿಂದ ಎಂಬುದೂ ಮುಖ್ಯ.

2000ದ ನಂತರದ ವರ್ಷಗಳಲ್ಲಿ ವಿ.ಸಿ.ಡಿ. ಪ್ಲೇಯರ್ ಅಗ್ಗವಾಯಿತು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಕ್ಕಳ ಹಾಡಿನ ತಟ್ಟೆಗಳು ಸಿಗತೊಡಗಿದವು. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಅದುವರೆಗೆ ಪಠ್ಯಪುಸ್ತಕದಲ್ಲಿ ಓದಿದ್ದ ಮಕ್ಕಳು, ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಬೊಂಬೆಗಳು ಶಿಶುಗೀತೆ ಹಾಡುವುದನ್ನು ಕಂಡರು. ತಟ್ಟೆ ಮುಗಿದರೆ ಹಾಡು ಮುಗಿಯುತ್ತಿತ್ತು. ಮತ್ತೆ ಹಾಕಬೇಕಾದರೆ ದೊಡ್ಡವರನ್ನು ಕೇಳಬೇಕಿತ್ತು. ಇದು ಚಿಕ್ಕ ವಿಷಯವೆಂದು ಆಗ ತೋರಿತ್ತು, ಈಗ ಹಾಗೆ ತೋರುವುದಿಲ್ಲ.

ಅಂಗೈಯ ತೆರೆ

ಯೂಟ್ಯೂಬ್ ಆರಂಭವಾದದ್ದು 2005ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮೊಬೈಲೇ ಪಾಠಶಾಲೆಯೂ ಆಯಿತು, ಆಟದ ಬಯಲೂ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಯೂಟ್ಯೂಬಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಲ ನೋಡಲಾದ ವಿಡಿಯೋ ಎಂಬ ಸ್ಥಾನ ಪಡೆದದ್ದು ಸಿನಿಮಾ ಹಾಡಲ್ಲ, 'ಬೇಬಿ ಶಾರ್ಕ್' ಎಂಬ ಮಕ್ಕಳ ಹಾಡು. ಕೊರಿಯಾದ ಕಂಪೆನಿಯೊಂದು ಮಾಡಿದ ಈ ವಿಡಿಯೋ 2022ರ ಜನವರಿಯಲ್ಲಿ ಸಾವಿರ ಕೋಟಿ ವೀಕ್ಷಣೆಯನ್ನು ದಾಟಿತು. ಸ್ವಾರಸ್ಯವೆಂದರೆ ಅದು ಮೂಲದಲ್ಲಿ ಅಮೆರಿಕದ ಮಕ್ಕಳ ಶಿಬಿರಗಳಲ್ಲಿ ಎಲ್ಲರೂ ಸೇರಿ ಕೈ ಆಡಿಸುತ್ತ ಹಾಡುತ್ತಿದ್ದ ಹಾಡು.

ಕನ್ನಡದಲ್ಲಿಯೂ ಕೊರತೆಯಿಲ್ಲ. ಬೆಂಗಳೂರಿನ ಇನ್ಫೋಬೆಲ್ಸ್‌ನಂತಹ ಸಂಸ್ಥೆಗಳು ಕನ್ನಡದ ಶಿಶುಗೀತೆಗಳನ್ನು, ಕಥೆಗಳನ್ನು ಚಿತ್ರರೂಪದಲ್ಲಿ ಕೊಟ್ಟಿವೆ. ಹಾಗಾದರೆ ಚಿಂತೆ ಏಕೆ?

ತೆರೆ ಚಿಕ್ಕದಾಯಿತು ಎಂಬುದೇ ಚಿಂತೆಯ ಮೂಲ. ಅಂಗೈ ಅಗಲದ ತೆರೆಯ ಮುಂದೆ ಒಬ್ಬರೇ ಕುಳಿತುಕೊಳ್ಳಬಲ್ಲರು. ಗೊಂಬೆಯಾಟ ಬೆಳಗಾದರೆ ಮುಗಿಯುತ್ತಿತ್ತು, ಸೈಟ್ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು, ತಟ್ಟೆಗೂ ಕೊನೆಯಿತ್ತು. ಈಗ ಒಂದು ಹಾಡು ಮುಗಿಯುವ ಮೊದಲೇ ಮುಂದಿನದು ಸಿದ್ಧ. ಗೊಂಬೆ ಆಡಿಸುವವರು ಮಗುವಿನ ಮುಖ ನೋಡಿ ಆಟ ನಡೆಸುತ್ತಿದ್ದರು. ಈಗ ಯಂತ್ರವೂ ಮಗುವನ್ನು ನೋಡುತ್ತದೆ, ಆದರೆ ಬೇರೆ ಉದ್ದೇಶಕ್ಕೆ. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಪ್ರಕರಣದಲ್ಲಿ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಹಿಂದೆ ಮಕ್ಕಳು ತೆರೆಯ ಹಿಂದೆ ಇಣುಕಿ ನೋಡುತ್ತಿದ್ದರು. ಈಗ ತೆರೆಯೇ ಮಕ್ಕಳನ್ನು ಇಣುಕಿ ನೋಡುತ್ತಿದೆ.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಎರಡು ವರ್ಷ ತುಂಬದ ಮಕ್ಕಳಿಗೆ ತೆರೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಅದು ಹೇಳಿದೆ. ನಮ್ಮ ಮನೆಗಳಲ್ಲಿ ಈ ಲೆಕ್ಕ ಊಟದ ಹೊತ್ತಿಗೇ ಮುಗಿದುಹೋಗುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ಗಂಗಾವತಿಯ ಒಂದು ಓಣಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು ಮೂರೂ ಕೇಳಿಸುತ್ತವೆ. ಹೀಗೆ ಮೂರು ಭಾಷೆಗಳ ನಡುವೆ ಬೆಳೆಯುವ ಮಗು ಅವುಗಳಲ್ಲಿ ಯಾವುದರ ಹಾಡೂ ಬಾರದೆ, ಎಲ್ಲಿಯದೋ ಇಂಗ್ಲಿಷಿನ ಹಾಡನ್ನು ಅರ್ಥವಿಲ್ಲದೆ ಒಪ್ಪಿಸಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅಜ್ಜಿ ತೂಗುತ್ತ ಹಾಡುತ್ತಿದ್ದ ಲೋರಿ ಅಜ್ಜಿಯೊಡನೆಯೇ ಮಣ್ಣಾಗುತ್ತದೆ.

ಹುಡುಕುವುದು ಹೇಗೆ?

ಮೊಬೈಲನ್ನು ಬಾವಿಗೆ ಎಸೆಯಿರಿ ಎಂದು ನಾವು ಹೇಳುವುದಿಲ್ಲ. ಎಣ್ಣೆದೀಪದಿಂದ ಬಲ್ಬಿಗೆ ಬಂದ ಗೊಂಬೆಯವರು ಹೊಸದಕ್ಕೆ ಹೆದರಿದವರಲ್ಲ. 2023ರಲ್ಲಿ ನಮ್ಮನ್ನಗಲಿದ ನೆರೆಯ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಗಾಂಧೀಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೋರಿಸಿದರು. ಬದಲಾಗುತ್ತ ಬಾಳುವುದು ಕಲೆಯ ಗುಣ.

ಆದ್ದರಿಂದ ಹುಡುಕೋಣ, ಆದರೆ ಹಿರಿಯರ ಕ್ರಮದಲ್ಲಿ. ಕನ್ನಡ ಅಕ್ಷರಗಳಲ್ಲಿಯೇ ಬರೆದು ಹುಡುಕಿದರೆ ಕನ್ನಡದ ಹಾಡುಗಳು ಮುಂದೆ ಬರುತ್ತವೆ. ಮಗುವಿಗೆ ಕೊಡುವ ಮುನ್ನ ನಾವೊಮ್ಮೆ ಪೂರ್ತಿ ನೋಡಬೇಕು. ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಹತ್ತು ಸಲ ಬದಲಾಗುವಂಥದ್ದನ್ನು ಬಿಟ್ಟು, ಮಗು ಜೊತೆಗೆ ಹಾಡಬಲ್ಲ ನಿಧಾನದ ಹಾಡನ್ನು ಆರಿಸಬೇಕು. ತಾನಾಗಿಯೇ ಮುಂದಿನ ವಿಡಿಯೋ ಬರುವ ವ್ಯವಸ್ಥೆಯನ್ನು ನಿಲ್ಲಿಸಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲಿ ಕುಳಿತು ನೋಡಬೇಕು, ಮುಗಿದ ಮೇಲೆ ಮೊಬೈಲ್ ಬದಿಗಿಟ್ಟು ಅದೇ ಹಾಡನ್ನು ಮನೆಮಂದಿಯೆಲ್ಲ ಹಾಡಬೇಕು. ಹಾಗೆ ಹಾಡಲು ಬಾರದ ವಿಡಿಯೋ ಎಷ್ಟೇ ಬಣ್ಣದ್ದಾಗಿರಲಿ, ನಮ್ಮ ಮನೆಗೆ ಬೇಡ.

ಒಂದು ಸಂಜೆ ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಬಹುದು. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ಕೋಳಿ, ಒಂದು ನರಿ, ಒಬ್ಬ ಕಿಳ್ಳೇಕ್ಯಾತನನ್ನು ಕತ್ತರಿಸಿ ಕಡ್ಡಿಗೆ ಅಂಟಿಸಿ. ಬಾಗಿಲಿಗೆ ಬಿಳಿ ಲುಂಗಿಯೋ ದುಪ್ಪಟ್ಟಿಯೋ ಕಟ್ಟಿ. ಮೊಬೈಲಿನ ಟಾರ್ಚ್ ಹೊತ್ತಿಸಿ ಅದರ ಹಿಂದಿಡಿ. ಅಜ್ಜಿಯನ್ನು ತೆರೆಯ ಹಿಂದೆ ಕೂರಿಸಿ ಅವಳಿಗೆ ಬರುವ ಹಾಡನ್ನು ಹಾಡಿಸಿ. ಎರಡು ನಿಮಿಷ ಮಕ್ಕಳು ಮುಂದೆ ಕುಳಿತು ನೋಡುತ್ತಾರೆ. ಮೂರನೆಯ ನಿಮಿಷಕ್ಕೆ ಎದ್ದು ಓಡಿ ಬಂದು ಹಿಂದೆ ಇಣುಕುತ್ತಾರೆ, ಗೊಂಬೆ ತಮಗೂ ಬೇಕೆಂದು ಕೈ ಚಾಚುತ್ತಾರೆ. ಆಗ ಕೊಟ್ಟುಬಿಡಿ.